ಸಿಸ್ಟರ್ ಗೇರ್‌ಬಾಕ್ಸ್ ಇಳಿಸಿದ ಗುರುವಾರ

ನಮ್ಮ ಓಣಿಯಲ್ಲಿ ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹಾಲು ಹಾಕುವವನು, ಮಸೀದಿಯ ಮೌಲ್ವಿಗಳು, ಎದುರುಮನೆಯ ಎಂಬತ್ತರ ಅಜ್ಜಿ, ಎಲ್ಲರೂ. ಅವರ ಗಂಡ ಕೂಡ. "ಸಿಸ್ಟರ್, ಚಾ ಆತೇನು?" ಎಂದು ಅವರು ಪಡಸಾಲೆಯಿಂದ ಕೇಳುವುದು ಗೋಡೆ ದಾಟಿ ಬರುತ್ತಿದ್ದುದರಿಂದ, ಸಿಂದಗಿಗೆ ಹೊಸದಾಗಿ ಬಂದಿದ್ದ ನನ್ನ ಹೆಂಡತಿ ಮೊದಲ ವಾರ ಅವರಿಬ್ಬರನ್ನೂ ಅಣ್ಣ ತಂಗಿ ಎಂದುಕೊಂಡಿದ್ದಳು. ಅವರ ನಿಜವಾದ ಹೆಸರನ್ನು ನಾನು ಕಂಡದ್ದು ಈ ವರ್ಷ, ಅವರು ತೀರಿಕೊಂಡ ಮೇಲೆ, ಪುರಸಭೆಯ ಅರ್ಜಿ ತುಂಬಿಕೊಡುವಾಗ. ಚೆಂದದ ಹೆಸರು. ಆದರೆ ಆ ಹೆಸರಿನವರು ಯಾರೋ ಬೇರೆ ಅನ್ನಿಸಿತು. ಇಲ್ಲಿಯೂ ಸಿಸ್ಟರ್ ಎಂದೇ ಬರೆಯುತ್ತೇನೆ.

ಮೂವತ್ತೈದು ವರ್ಷ ಅವರು ಸರಕಾರಿ ಆಸ್ಪತ್ರೆಗಳ ಆಪರೇಷನ್ ಕೋಣೆಯಲ್ಲಿ ನರ್ಸ್ ಆಗಿದ್ದವರು. ವರ್ಗವಾದಲ್ಲೆಲ್ಲ ಹೋದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕಡೆಗೆ ಸಿಂದಗಿ. ನಾಲ್ಕು ತಾಲ್ಲೂಕುಗಳಲ್ಲಿ ಯಾರ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದ್ದರೂ ಅದನ್ನು ತಾನು ನೋಡಿರಬಹುದು ಎಂದು ಅವರು ನಗುತ್ತ ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆಯಲ್ಲ ಎಂಬುದು ಅವರು ಹೋದ ದಿನ ಗೊತ್ತಾಯಿತು. ನಮ್ಮ ಓಣಿಯಲ್ಲಿ ಕುರ್ಚಿ ಹಾಕಲು ಜಾಗ ಸಾಲಲಿಲ್ಲ. ಬಂದವರಲ್ಲಿ ಅರ್ಧದಷ್ಟು ಹೆಂಗಸರು, ಬೆಳೆದ ಮಕ್ಕಳನ್ನು ಜೊತೆಗೆ ಕರೆತಂದಿದ್ದರು.

ಆ ದಿನ ಮುದ್ದೇಬಿಹಾಳದಿಂದ ಬಂದಿದ್ದ ಒಬ್ಬ ನಿವೃತ್ತ ಅಟೆಂಡರ್ ನನಗೆ ಒಂದು ಸಂಗತಿ ಹೇಳಿದರು. ಒಮ್ಮೆ ಹೆರಿಗೆಯ ಆಪರೇಷನ್ ನಡುವೆ ಕರೆಂಟು ಹೋಯಿತಂತೆ. ಜನರೇಟರ್ ಎಷ್ಟು ಹೊಡೆದರೂ ಹತ್ತಲಿಲ್ಲ. ಡಾಕ್ಟರು ಬ್ಯಾಟರಿ ಬೆಳಕಿನಲ್ಲಿ ಕೈ ನಿಲ್ಲಿಸಿ ನಿಂತಿದ್ದರು. ಸಿಸ್ಟರ್ ಹಿತ್ತಲಿಗೆ ಹೋಗಿ, ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಒಳಗೆ ಸೇರಿದ್ದ ಗಾಳಿ ಬುಸುಬುಸು ಎಂದು ಹೋಗುವವರೆಗೆ ಕಾದು, ಮತ್ತೆ ಬಿಗಿದು, ತಾವೇ ಹ್ಯಾಂಡಲ್ ತಿರುಗಿಸಿದರಂತೆ. ಎಂಜಿನ್ ಹತ್ತಿತು. ಅವರು ಒಳಗೆ ಬಂದು ಕೈ ತೊಳೆದುಕೊಂಡು ನಿಂತರು. ಆ ಅಟೆಂಡರ್ ಅದನ್ನು ಹೇಳುವಾಗ ತನ್ನ ಕೈಯನ್ನೂ ಹಾಗೆಯೇ ತಿರುಗಿಸಿ ತೋರಿಸಿದರು.

ಇದು ಅವರಿಗೆ ಬಂದದ್ದು ತಂದೆಯಿಂದ. ಭೀಮಾ ದಂಡೆಯ ದೇವಣಗಾಂವದಲ್ಲಿ ಅವರ ತಂದೆಗೆ ನದಿಯಿಂದ ನೀರೆತ್ತುವ ಆಯಿಲ್ ಎಂಜಿನ್ ಇತ್ತು. ಗಂಡುಮಕ್ಕಳಿರಲಿಲ್ಲ. ದಿನಾ ಸಂಜೆ ಸಾಲೆ ಬಿಟ್ಟ ಮೇಲೆ ಹಿರಿಮಗಳೇ ಎಂಜಿನ್ನಿನ ಹತ್ತಿರ ಕೂರಬೇಕು. ಎಂಜಿನ್ ಕೆಟ್ಟರೆ ಅದರ ಸದ್ದಿನಲ್ಲೇ ಏನಾಗಿದೆ ಎಂದು ಹೇಳಬೇಕು. ಆಮೇಲೆ ಮನುಷ್ಯರ ಎದೆಯ ಸದ್ದು ಕೇಳುವುದು ಕಷ್ಟವಾಗಲಿಲ್ಲ ಎಂದು ಒಮ್ಮೆ ಹೇಳಿದ್ದರು.

ನಾನು ಅವರನ್ನು ಸರಿಯಾಗಿ ಕಂಡದ್ದು ಅವರ ನಿವೃತ್ತಿಯ ನಂತರ, ಒಂದೇ ಒಂದು ವಾರದಲ್ಲಿ.

ಅವರ ಗಂಡ ಹೈಸ್ಕೂಲಿನ ದೈಹಿಕ ಶಿಕ್ಷಕರಾಗಿದ್ದವರು. ಆರಡಿಯ ಆಳು. ಎರಡೂ ಕಿಡ್ನಿ ಹೋದ ಮೇಲೆ ಅವರ ಅಂಗಿಗಳೆಲ್ಲ ಬೇರೆ ಯಾರವೋ ಅನ್ನಿಸುವಷ್ಟು ಇಳಿದುಹೋಗಿದ್ದರು. ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಸರದಿ ಸಿಕ್ಕಿರಲಿಲ್ಲ. ಹಾಗಾಗಿ ಮಂಗಳವಾರ, ಶುಕ್ರವಾರ ವಿಜಯಪುರಕ್ಕೆ ಹೋಗಬೇಕಿತ್ತು. ಸಿಸ್ಟರ್ ತಮ್ಮ ಇಪ್ಪತ್ತು ವರ್ಷದ ಬಿಳಿ ಕಾರಿನಲ್ಲಿ ತಾವೇ ಕರೆದೊಯ್ಯುತ್ತಿದ್ದರು. ಮುಂದಿನ ಎಡಗಡೆಯ ಸೀಟನ್ನು ಹಿಂದಕ್ಕೆ ಪೂರ್ತಿ ಮಲಗುವಂತೆ ಮಾಡಿಸಿ, ಅದಕ್ಕೊಂದು ಕೌದಿ ಹಾಸಿ, ಬಾಗಿಲ ಬದಿಗೆ ಒಂದು ಸ್ಟೀಲ್ ಡಬ್ಬಿ ಕಟ್ಟಿದ್ದರು. ಯಂತ್ರದಿಂದ ಇಳಿದ ಮೇಲೆ ಅವರಿಗೆ ತಲೆ ತಿರುಗಿ ವಾಂತಿಯಾಗುತ್ತಿತ್ತು. ಸಿಸ್ಟರ್ ರಸ್ತೆಯ ಬದಿಗೆ ನಿಲ್ಲಿಸಿ, ಬೆನ್ನು ನೀವಿ, ಡಬ್ಬಿ ತೊಳೆದು ಮತ್ತೆ ಹೊರಡುವುದು. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಒಂದು ಶುಕ್ರವಾರ, ವಾಪಸು ಬರುವಾಗ, ದೇವರ ಹಿಪ್ಪರಗಿ ದಾಟಿದ ಮೇಲೆ ಗಾಡಿಯ ಹೊಟ್ಟೆಯಲ್ಲಿ ಕಟಕಟ ಸದ್ದು ಶುರುವಾಯಿತು. ಆಮೇಲೆ ಯಾವ ಗೇರೂ ಬೀಳಲಿಲ್ಲ. ತೊಗರಿ ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್‌ನವನೊಬ್ಬ ಹಗ್ಗ ಕಟ್ಟಿ ಊರತನಕ ಎಳೆದು ತಂದ. ಅವರ ಗಂಡ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಸಿಸ್ಟರ್ ಸ್ಟೇರಿಂಗ್ ಹಿಡಿದು ನೇರವಾಗಿ ಕೂತಿದ್ದರು.

ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿ, ಗೇರ್‌ಬಾಕ್ಸ್ ಒಳಗೆ ಹಲ್ಲು ಮುರಿದಿವೆ, ಎಣ್ಣೆಯಲ್ಲಿ ಕಬ್ಬಿಣದ ಚೂರು ಬಂದಿದೆ ಎಂದ. ಇಷ್ಟು ಹಳೆಯ ಗಾಡಿಗೆ ಹೊಸ ಸಾಮಾನು ಸಿಗುವುದಿಲ್ಲ, ಹಳೆಯದನ್ನು ಹುಡುಕಿ ತಂದರೂ ತನ್ನ ಕೈಗೆ ಇಪ್ಪತ್ತು ದಿನ ಬಿಡುವಿಲ್ಲ, ಗುಜರಿಗೆ ಕೊಡುವುದೇ ಒಳ್ಳೆಯದು ಎಂದ. ಕೆಟ್ಟವನಲ್ಲ, ಇದ್ದದ್ದು ಹೇಳಿದ.

ಮಂಗಳವಾರ ಬಾಡಿಗೆ ಕಾರಿನಲ್ಲಿ ಹೋದರು. ಬರುವಾಗ ಅವರ ಗಂಡನಿಗೆ ತಡೆಯಲಾಗದೆ ಸೀಟಿನ ಮೇಲೆಯೇ ವಾಂತಿಯಾಯಿತು. ಡ್ರೈವರ್ ಬೈಯಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಗಾಡಿ ನಿಲ್ಲಿಸಿ, ಎಲ್ಲ ಬಾಗಿಲು ತೆರೆದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೊಡಗಟ್ಟಲೆ ನೀರು ಸುರಿದ. ಒಂದು ಕಾಲಕ್ಕೆ ಇಡೀ ಸಾಲೆಯನ್ನು ಒಂದು ಸೀಟಿ ಊದಿ ನಿಲ್ಲಿಸುತ್ತಿದ್ದ ಮನುಷ್ಯ ಬಾಗಿಲ ಚೌಕಟ್ಟು ಹಿಡಿದು ಅದನ್ನು ನೋಡುತ್ತ ನಿಂತಿದ್ದರು. ನಾನು ತೋಳು ಕೊಟ್ಟು ಒಳಗೆ ಕರೆದೊಯ್ದೆ. ಮಂಚದ ಮೇಲೆ ಕೂತು, ನನಗಲ್ಲ, ಗೋಡೆಗೆ ಹೇಳಿದಂತೆ ಹೇಳಿದರು.

"ಶುಕ್ರವಾರ ನಾ ಹೋಗಾಂವಲ್ಲ. ಸಾಕಾತು."

ಸಿಸ್ಟರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನನ್ನು, ನಾಳೆ ಸಾಲೆಗೆ ರಜೆ ಹಾಕಲು ಆಗುತ್ತದೆಯೇ ಎಂದು ಕೇಳಿದರು. ನಾಳೆ, ನಾಡಿದ್ದು, ಎರಡು ದಿನ. ನಾನು ಕನ್ನಡ ಮಾಸ್ತರ. ಸೈಕಲ್ಲಿನ ಚೈನು ಬಿದ್ದರೂ ಪಕ್ಕದವರನ್ನು ಕರೆಯುವವನು. ಯಾಕೆಂದು ಕೇಳಿದೆ.

"ಗೇರ್‌ಬಾಕ್ಸ್ ನಾವ ಬದಲಿ ಮಾಡೋಣ್ರಿ ಮಾಸ್ತರ. ನನಗ ಹಿಡಿಯಾಕ ಇನ್ನೆರಡು ಕೈ ಬೇಕು, ಅಷ್ಟ."

ನಾನು ನಕ್ಕೆ. ಅವರು ನಗಲಿಲ್ಲ.

ಬುಧವಾರ ಇಂಡಿಗೆ ಹೋದೆವು. ಅಲ್ಲಿ ಒಬ್ಬ ಗುಜರಿಯವನ ಹತ್ತಿರ ಅದೇ ಜಾತಿಯ ಎರಡು ಗಾಡಿಗಳಿದ್ದವು. ಅವನು ಒಂದರ ಗೇರ್‌ಬಾಕ್ಸನ್ನು ಬಹಳ ಹೊಗಳಿ ಮುಂದಿಟ್ಟ. ಸಿಸ್ಟರ್ ವ್ಯಾನಿಟಿ ಬ್ಯಾಗಿನಿಂದ ಸ್ಟೆಥಾಸ್ಕೋಪ್ ತೆಗೆದು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಅದರಿಂದ ಹೊರಚಾಚಿದ್ದ ಉಕ್ಕಿನ ದಂಡವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸತೊಡಗಿದರು. ಗುಜರಿಯವನ ಬಾಯಿ ನಿಂತುಹೋಯಿತು. ಅಲ್ಲಿದ್ದವರೆಲ್ಲ ಉಸಿರು ಹಿಡಿದು ನಿಂತರು, ಒಳಗೆ ಏನೋ ಜೀವ ಇದ್ದ ಹಾಗೆ. ಒಂದೊಂದೇ ಗೇರು ಹಾಕಿ ಕೇಳಿದರು. ನಾಲ್ಕನೆಯದಕ್ಕೆ ತಲೆ ಅಲ್ಲಾಡಿಸಿ ಬೇರಿಂಗ್ ಅಳುತ್ತಿದೆ ಎಂದರು. ಮೂಲೆಯಲ್ಲಿ ಮುಂಭಾಗ ಜಜ್ಜಿಹೋಗಿದ್ದ ಇನ್ನೊಂದು ಗಾಡಿಯದನ್ನು ಹೊರತೆಗೆಸಿ ಕೇಳಿ, ಇದು ಎಂದರು.

ಅದನ್ನು ಹಳೆಯ ಚಾದರದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದೆವು. ಕಂಡಕ್ಟರ್ ಏನಿದು ಎಂದು ಕೇಳಿದ. ಪೇಷಂಟ್ ಮನೆಯಲ್ಲಿದ್ದಾನೆ, ಇದು ಅವನಿಗೆ ಹಾಕುವುದು ಎಂದು ಸಿಸ್ಟರ್ ಹೇಳಿದರು. ಅವನು ಚಾದರವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ ಮುಂದೆ ಹೋದ.

ಗುರುವಾರ ಬೆಳಗ್ಗೆ ಏಳಕ್ಕೆ ನಾನು ಹೋದಾಗ ಅಂಗಳ ಗುಡಿಸಿ ನೀರು ಚಿಮುಕಿಸಿದ್ದರು. ಕಾರಿನ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ನಾಲ್ಕು ಮರದ ದಿಮ್ಮಿಗಳ ಮೇಲೆ ಕೂರಿಸಿಯಾಗಿತ್ತು. ಬೇವಿನ ಗಿಡದ ಕೆಳಗೆ ಆಪರೇಷನ್ ಕೋಣೆಯ ಹಸಿರು ಬಟ್ಟೆ ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಿದ್ದರು. ಪಕ್ಕದ ಮಂಚದ ಮೇಲೆ ಗಂಡನನ್ನು ಕೂರಿಸಿ ಕೈಗೆ ನೋಟ್‌ಬುಕ್, ಪೆನ್ನು ಕೊಟ್ಟಿದ್ದರು. ಬಿಚ್ಚಿದ ಪ್ರತಿಯೊಂದನ್ನೂ ಬರೆಯಬೇಕು. ಅವರು ಒಲ್ಲದ ಮನಸ್ಸಿನಿಂದ ಪೆನ್ನು ಹಿಡಿದಿದ್ದರು.

ಸಿಸ್ಟರ್ ಗಾಡಿಗೆ ಭುಜ ಕೊಟ್ಟು ಎರಡು ಸಲ ಬಲವಾಗಿ ನೂಕಿ ನೋಡಿದರು. ಅಲುಗಲಿಲ್ಲ. ನಾನು ಕೆಳಗೆ ನುಸುಳಲು ಬಗ್ಗಿದೆ. ತಡೆದರು.

"ಮೊದಲ ನಾ ಹೋಗ್ತೇನಿ. ಬಿದ್ರ ಒಬ್ಬರ ಮ್ಯಾಲ ಬೀಳಲಿ."

ಅರವತ್ತಮೂರರ ಹೆಂಗಸು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಗೋಣಿಚೀಲದ ಮೇಲೆ ಅಂಗಾತ ಮಲಗಿ ಕಾರಿನಡಿಗೆ ಸರಿದುಹೋದರು. ಪಾದಗಳು ಮಾತ್ರ ಹೊರಗೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಕೈ ಬಂತು, ಅಂಗೈ ಮೇಲೆ ಮಾಡಿ. ಏನನ್ನೂ ಕೇಳಲಿಲ್ಲ. ನಾನು ಗಾಬರಿಯಾಗಿ ಒಂದು ಪಾನಾ ಇಟ್ಟೆ. ಕೈ ಅದನ್ನು ನೋಡದೆಯೇ ಹೊರಗಿಟ್ಟು ಮತ್ತೆ ತೆರೆದುಕೊಂಡಿತು. "ಹನ್ನೆರಡಲ್ಲ, ಹದಿನಾಲ್ಕು" ಎಂದಿತು ಒಳಗಿನ ದನಿ. ಮಧ್ಯಾಹ್ನದ ಹೊತ್ತಿಗೆ ಆ ಅಂಗೈ ತೆರೆಯುವ ರೀತಿಯಲ್ಲೇ ಅದಕ್ಕೆ ಏನು ಬೇಕೆಂದು ನನಗೆ ತಿಳಿಯತೊಡಗಿತ್ತು. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ನಾನು ಯಾರಿಗೂ ಹೀಗೆ ಕಲಿಸಿರಲಿಲ್ಲ.

ಒಂದೊಂದು ಬೋಲ್ಟ್, ನಟ್ಟು, ವಾಷರ್ ಹೊರಬಂದಂತೆ ಅದನ್ನು ಒರೆಸಿ ಹಸಿರು ಬಟ್ಟೆಯ ಮೇಲೆ, ಗಾಡಿಯಲ್ಲಿ ಅದು ಇದ್ದ ಜಾಗಕ್ಕೆ ಸರಿಯಾಗಿ ಇಡಬೇಕು. ಮೇಲಿನದು ಮೇಲೆ, ಎಡದ್ದು ಎಡಕ್ಕೆ. ಅವರ ಗಂಡ ಬರೆಯುತ್ತ ಬರೆಯುತ್ತ ನೆಟ್ಟಗೆ ಕೂತಿದ್ದರು. ಒಮ್ಮೆ ನಾನು ಹೆಸರು ಸರಿಯಾಗಿ ಹೇಳದಿದ್ದಕ್ಕೆ ಹಳೆಯ ಗತ್ತಿನಲ್ಲಿ ನನ್ನನ್ನು ಗದರಿಸಿದರು. ಸಿಸ್ಟರ್ ಕಾರಿನಡಿಯಲ್ಲಿ ನಕ್ಕಿದ್ದು ಕೇಳಿಸಿತು.

ಹನ್ನೊಂದಕ್ಕೆ ಹಳೆಯ ಗೇರ್‌ಬಾಕ್ಸ್ ಇಳಿಯಿತು. ಹೊಸದನ್ನು, ಅಂದರೆ ಇಂಡಿಯಿಂದ ತಂದದ್ದನ್ನು, ಏರಿಸುವುದು ಬೇರೆಯೇ ಕೆಲಸ. ನಾನು ಕೆಳಗೆ ಮಲಗಿ ಎದೆಯ ಮೇಲಿಟ್ಟ ಹಲಗೆಯಲ್ಲಿ ಅದರ ಭಾರ ಹೊತ್ತು ಹಿಡಿಯಬೇಕು. ಅವರು ಅದರ ದಂಡವನ್ನು ಎಂಜಿನ್ನಿನ ಹಲ್ಲುಗಳ ನಡುವೆ ಕೂರಿಸಬೇಕು. ಹತ್ತಾರು ಸಲ ಮಾಡಿದರೂ ಹೋಗಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು. ಬೆರಳ ತುದಿಯಿಂದ ಒಂದು ಕೂದಲೆಳೆಯಷ್ಟು ತಿರುಗಿಸಿ, ಕೂಸಿನ ಕೈಯನ್ನು ಅಂಗಿಯ ತೋಳಿಗೆ ಹಾಕುವಾಗ ಆಡುವಂಥ ಮಾತು ಏನೋ ಗುನುಗಿದರು. ಆ ಭಾರ ತನ್ನಷ್ಟಕ್ಕೆ ಸರ್ರನೆ ಒಳಗೆ ಹೋಯಿತು. ನನ್ನ ಎದೆಯ ಮೇಲಿನದು ಇಲ್ಲದಾಯಿತು. ಅಂಥ ಹಗುರ ನನಗೆ ಮತ್ತೆಂದೂ ಆಗಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು.

ಎಲ್ಲಕ್ಕಿಂತ ಮೇಲಿನ ಬೋಲ್ಟನ್ನು ಹಾಕುವ ಕೆಲಸ ನನಗೆ ಬಂತು. ಬೋಲ್ಟಿಗೆ ಪೋಣಿಸುವಾಗ ಅದರ ವಾಷರ್ ಬೆರಳಿನಿಂದ ಜಾರಿತು. ಎಂಜಿನ್ ಹತ್ತಿಸುವ ಸ್ಟಾರ್ಟರ್ ಕೂರುವ ಕಂಡಿ ಇನ್ನೂ ತೆರೆದೇ ಇತ್ತು. ಒಳಗೆಲ್ಲೋ ಟಿಣ್ ಎಂದ ಹಾಗಾಯಿತು. ಉಗುರಿನಷ್ಟು ಸಣ್ಣ ವಾಷರ್. ಮುಂಜಾನೆಯಿಂದ ಮಲಗಿ ಏಳುತ್ತಿದ್ದ ನನ್ನ ಸೊಂಟ ಬಿದ್ದುಹೋಗಿತ್ತು. ಕೆಳಗೆ ಮಣ್ಣಿನಲ್ಲಿ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ವಾಷರ್ ಇಲ್ಲದೆಯೇ ಬೋಲ್ಟ್ ಬಿಗಿದೆ.

ನಾಲ್ಕರ ಹೊತ್ತಿಗೆ ಎಲ್ಲ ಬಿಗಿದಾಗಿತ್ತು, ಸ್ಟಾರ್ಟರ್ ಒಂದನ್ನು ಬಿಟ್ಟು. ಅದನ್ನು ಕೂರಿಸುವ ಮೊದಲು ಸಿಸ್ಟರ್ ಎಣಿಕೆ ಎಂದರು. ಅವರ ಗಂಡ ನೋಟ್‌ಬುಕ್ಕಿನಿಂದ ಒಂದೊಂದಾಗಿ ಓದಿದರು. ಸಿಸ್ಟರ್ ಗಾಡಿಯ ಸುತ್ತ ಒಂದೊಂದನ್ನೂ ಮುಟ್ಟಿ ಹೌದು, ಹೌದು ಎನ್ನುತ್ತ ಬಂದರು. ಒಂದು ವಾಷರ್ ಕಡಿಮೆ.

ನಿಮ್ಮ ಕೈಯಲ್ಲಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳಲ್ಲ. ಅವರು ಅಯಸ್ಕಾಂತ ತಂದು ನೆಲದ ಮೇಲೆ ಆಡಿಸಿದರು. ಆಮೇಲೆ ಅಡುಗೆಮನೆಯಿಂದ ಹಿಟ್ಟಿನ ಜರಡಿ ತಂದು, ಮೊಣಕಾಲೂರಿ ಕೂತು, ಕಾರಿನಡಿಯ ಮಣ್ಣನ್ನು ಬೊಗಸೆ ಬೊಗಸೆ ಜರಡಿ ಹಿಡಿಯತೊಡಗಿದರು. ಮಂಚದ ಮೇಲಿಂದ ಅವರ ಗಂಡ, ಒಂದು ವಾಷರ್‌ನಿಂದ ಏನಾಗುತ್ತದೆ, ಬಿಡು ಎಂದರು. ಅವರು ಬಿಡಲಿಲ್ಲ. ಅವರ ಹಣೆಯಿಂದ ಬೆವರು ಜರಡಿಯೊಳಗೆ ಬೀಳುತ್ತಿತ್ತು. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ. ಅರ್ಧ ತಾಸಾದರೂ ಆಗಿರಬೇಕು.

"ಸಿಸ್ಟರ್, ಅದು ಒಳಗ ಬಿದ್ದೈತ್ರಿ. ನನಗ ಸಪ್ಪಳ ಕೇಳಿಸಿತ್ತು."

ಅವರು ಜರಡಿ ಕೆಳಗಿಟ್ಟರು. ಕಂಡಿಯೊಳಗೆ ದಾರ ಕಟ್ಟಿದ ಅಯಸ್ಕಾಂತ ಇಳಿಸಿ ಎರಡು ಸಲ ನೋಡಿದರು. ಬರಲಿಲ್ಲ.

"ಹಂಗಾದ್ರ ಇಳಸೋಣ" ಎಂದರು.

ಇಡೀ ದಿನದ ಕೆಲಸವನ್ನು ಹಿಂದಕ್ಕೆ ಬಿಚ್ಚಿದೆವು. ಅವರು ಒಂದೇ ಒಂದು ಕಟು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಗೇರ್‌ಬಾಕ್ಸ್ ಮತ್ತೆ ನೆಲಕ್ಕೆ ಬಂತು. ಒಳಗೆ ತಳದಲ್ಲಿ, ಎಂಜಿನ್ ತಿರುಗಿದರೆ ಸಿಡಿದು ಎಲ್ಲವನ್ನೂ ಕಡಿದುಹಾಕುವಂಥ ಜಾಗದಲ್ಲಿ, ಆ ವಾಷರ್ ಹೊಳೆಯುತ್ತಿತ್ತು. ಅಯಸ್ಕಾಂತ ಹೋಗಲಾಗದ ಸಂದಿಯಲ್ಲಿ ನೆಟ್ಟಗೆ ನಿಂತಿತ್ತು. ಸಿಸ್ಟರ್ ಅದನ್ನು ತೆಗೆದು ಒರೆಸಿ ಹಸಿರು ಬಟ್ಟೆಯ ಮೇಲೆ ಅದರ ಜಾಗದಲ್ಲಿಟ್ಟರು.

ಬೆಳಕು ಹೋದ ಮೇಲೆ ಕೈ ಹಾಕಬಾರದು, ಉಳಿದದ್ದು ನಸುಕಿಗೆ ಎಂದರು. ನನ್ನ ಹೆಂಡತಿ ಚಹಾ ತಂದಳು. ನನಗೆ ಲೋಟ ಎತ್ತಲು ಮನಸ್ಸಾಗಲಿಲ್ಲ. ಸಿಸ್ಟರ್ ನನ್ನ ಎದುರು ಗೋಣಿಚೀಲದ ಮೇಲೆ ಕೂತರು.

ಅವರು ನೌಕರಿಗೆ ಸೇರಿದ ಮೊದಲ ವರ್ಷದ ಮಾತು. ಊರು ಹೇಳಲಿಲ್ಲ. ಒಬ್ಬ ಬಾಣಂತಿಯ ಹೊಟ್ಟೆ ಹೊಲಿಯುವಾಗ ರಕ್ತ ಒತ್ತುವ ಬಟ್ಟೆಯ ತುಂಡುಗಳಲ್ಲಿ ಒಂದು ಕಡಿಮೆ ಬಂದಿತ್ತು. ಅವರು ಎಣಿಸಿದ್ದರು. ಡಾಕ್ಟರು ಹಿರಿಯರು, ದಣಿದಿದ್ದರು, ಸರಿ ಇದೆಯೇ ಎಂದು ಕೇಳಿದರು. ಇವರು ಹೆದರಿ, ಸರಿ ಇದೆ ಎಂದುಬಿಟ್ಟರು. ತಾನೇ ತಪ್ಪು ಎಣಿಸಿರಬೇಕು ಎಂದುಕೊಂಡರು. ಆಕೆಗೆ ಜ್ವರ ಬಂತು.

"ನಾ ಬಾಯಿ ಬಿಡಾಕ ಮೂರು ದಿನ ತಗೊಂಡೆ, ಮಾಸ್ತರ. ನೀವು ಅರ್ಧ ತಾಸಿನ್ಯಾಗ ಹೇಳಿದ್ರಿ."

ಆಕೆ ಉಳಿದಳೇ ಎಂದು ನಾನು ಕೇಳಿದೆ.

"ಉಳದಳು. ಮತ್ತ ಹೊಟ್ಟಿ ಕೊಯ್ದರು. ಎರಡು ತಿಂಗಳ ಮಲಗಿದಳು. ಕೂಸಿಗೆ ಆಕಿ ಹಾಲ ಸಿಗಲಿಲ್ಲ."

ಮಂಚದ ಮೇಲೆ ಅವರ ಗಂಡ ನೋಟ್‌ಬುಕ್ ಮುಚ್ಚಿ ಎದೆಗೆ ಒತ್ತಿಕೊಂಡು ಕೂತಿದ್ದರು. ಅವರಿಗೆ ಈ ಕಥೆ ಗೊತ್ತಿತ್ತು ಎಂದು ಕಾಣುತ್ತದೆ. ಅಂದಿನಿಂದ ಇವಳು ಮನೆಯಲ್ಲಿ ಚಮಚಗಳನ್ನೂ ಎಣಿಸುತ್ತಾಳೆ ಎಂದರು. ಸಿಸ್ಟರ್ ನಕ್ಕರು. ನನ್ನ ಲೋಟವನ್ನು ನನ್ನ ಕೈಗಿಟ್ಟರು.

ಶುಕ್ರವಾರ ಬೆಳ್ಳಿ ಮೂಡುವ ಹೊತ್ತಿಗೆ ಮತ್ತೆ ಶುರು ಮಾಡಿದೆವು. ಎರಡನೆಯ ಸಲ ದಂಡ ಮೊದಲ ಪ್ರಯತ್ನಕ್ಕೇ ಒಳಗೆ ಹೋಯಿತು. ಎಂಟೂವರೆಗೆ ಎಲ್ಲ ಮುಗಿದು, ಎಣಿಕೆ ಕೂಡಿ, ದಿಮ್ಮಿಗಳನ್ನು ತೆಗೆದು ಗಾಡಿಯನ್ನು ನೆಲಕ್ಕಿಳಿಸಿದೆವು. ವಿಜಯಪುರಕ್ಕೆ ಹೋಗುವ ಮಾತನ್ನು ಯಾರೂ ಎತ್ತಿರಲಿಲ್ಲ. ಸಿಸ್ಟರ್ ಕೂಡ. ಗಾಡಿಯನ್ನು ಅಂಗಳದಲ್ಲೇ ಹಿಂದೆ ಮುಂದೆ ಆಡಿಸಿ ನೋಡುತ್ತಿದ್ದರು. ಆಗ ಒಳಗಿಂದ ಅವರ ಗಂಡ ಬಂದರು. ತಾವೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಲಿಗೆ ಬೂಟು ಕಟ್ಟಿದ್ದರು. ಗಲ್ಲದ ಮೇಲೆ ಒಂದು ಸಣ್ಣ ಗಾಯವಾಗಿತ್ತು.

"ಮುಗೀತೇನು ನಿಮ್ಮದು? ಹನ್ನೊಂದಕ್ಕ ಅಲ್ಲಿ ಇರಬೇಕು" ಎಂದರು, ತಡವಾದದ್ದು ನಮ್ಮಿಂದಲೇ ಎಂಬಂತೆ.

ಸಿಸ್ಟರ್ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅದರಿಂದಲೇ ಸೀಟು ಒರೆಸಿ ಬಾಗಿಲು ತೆರೆದು ಹಿಡಿದರು.

ಆ ಗಾಡಿ ಆಮೇಲೆ ಎರಡು ವರ್ಷ ವಾರಕ್ಕೆರಡು ಸಲ ಅವರನ್ನು ಹೊತ್ತೊಯ್ದಿತು. ಕಡೆಗೆ ಅವರ ಗಂಡ ತೀರಿಕೊಂಡದ್ದು ಎದೆಯ ನೋವಿನಿಂದ, ತಮ್ಮ ಮಂಚದ ಮೇಲೆ. ಈಗ ಸಿಸ್ಟರ್ ಕೂಡ ಇಲ್ಲ. ಗಾಡಿ ಬಸವನ ಬಾಗೇವಾಡಿಯಲ್ಲಿ ಅವರ ತಂಗಿಯ ಮಗಳ ಹತ್ತಿರ ಇದೆ, ಅವಳೂ ನರ್ಸ್. ಆದರೆ ನನ್ನ ಮನಸ್ಸು ನಿಲ್ಲುವುದು ಆ ಶುಕ್ರವಾರ ಮಧ್ಯಾಹ್ನದಲ್ಲಿ.

ಸಾಲೆಯಲ್ಲಿ ಊಟದ ಬಿಡುವು. ನನ್ನ ಉಗುರುಗಳಲ್ಲಿ ಇನ್ನೂ ಕಪ್ಪು ಇತ್ತು. ಸಿಸ್ಟರ್ ಅವರ ಗಂಡನ ಫೋನ್ ಬಂತು. ಎಂದೂ ನನಗೆ ಫೋನ್ ಮಾಡಿದವರಲ್ಲ. ಗಾಡಿ ಎಲ್ಲಾದರೂ ನಿಂತಿತೇ ಎಂದು ಕೇಳಿದೆ. ಇಲ್ಲ, ಯಂತ್ರಕ್ಕೆ ಹಚ್ಚಿದ್ದಾರೆ, ಇನ್ನೆರಡು ತಾಸು ಇದೆ, ಒಂದು ಕೈ ಖಾಲಿ ಇತ್ತು ಎಂದು ಮಾಡಿದೆ ಎಂದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಕಿಟಕಿ ಬಾಜೂನ ಹಾಸಿಗಿ ಸಿಕ್ಕೈತಿ. ಇಲ್ಲಿಂದ ಗಾಡಿ ಕಾಣಸ್ತೈತ್ರಿ. ಆಕಿ ಒಳಗ ಮಲಗ್ಯಾಳ. ಬಾಯಿ ತಕ್ಕೊಂಡು ಮಲಗ್ಯಾಳ. ಲಗ್ನ ಆದಾಗಿನಿಂದ ಆಕಿ ಹಗಲ ಮಲಗಿದ್ದು ನಾ ನೋಡಿಲ್ರಿ ಮಾಸ್ತರ."

ಎಬ್ಬಿಸಬೇಡಿ ಎಂದೆ.

"ಇಲ್ಲ. ನಾ ನೋಡ್ಕೋತ ಕುಂತೇನಿ."

ಅವರು ಫೋನ್ ಇಡಲಿಲ್ಲ. ಆ ಕಡೆ ಯಂತ್ರ ತಿರುಗುವ ಸದ್ದು ಕೇಳಿಸುತ್ತಿತ್ತು. ನಾನೂ ಇಡಲಿಲ್ಲ.